ಶೂನ್ಯ ಟಿಕೆಟ್ಟಿನ ಹಿಂದಿನ ಲೆಕ್ಕ

ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸು ಸಂಬಳ ಎಷ್ಟೆಂದು ಕೇಳುವ ಮೊದಲು ಬಸ್ಸಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕುತ್ತಾಳೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯಲ್ಲಿ 1,050ರಿಂದ 1,200 ರೂಪಾಯಿಗೆ ಏರಿತು. ಆಕೆಯ ಮಟ್ಟಿಗೆ ಆ ಖರ್ಚು ತಪ್ಪಿಸಿರುವುದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ.

ನಡೆಯುವುದು ಹೇಗೆ?

ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದೊಳಗಿನ ಪ್ರಯಾಣ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ. ಎಸಿ, ಸ್ಲೀಪರ್, ರಾಜಹಂಸದಂಥ ಬಸ್ಸುಗಳು ಇದರಲ್ಲಿ ಸೇರಿಲ್ಲ. ಮೆಟ್ರೋ ಕೂಡ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಎರಡು ಬಸ್ ಹತ್ತಿದರೆ ಎರಡು ಶೂನ್ಯ ಟಿಕೆಟ್. ಹಿಂದೆ ಎರಡನೇ ಬಸ್ಸಿನ ದುಡ್ಡು ಉಳಿಸಲು ನಡೆದೇ ಹೋಗುತ್ತಿದ್ದವರಿಗೆ ಇದೇ ದೊಡ್ಡ ಅನುಕೂಲ.

ಪ್ರಯಾಣಿಕರಿಗೆ ಶೂನ್ಯ ಎಂದಮಾತ್ರಕ್ಕೆ ನಿಗಮಕ್ಕೂ ಶೂನ್ಯವಲ್ಲ. ಪ್ರಯಾಣಿಸಿದ ದೂರದ ಆಧಾರದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಅಂದರೆ ಆ ಶೂನ್ಯ ಟಿಕೆಟ್ಟು ನಿಗಮ ಸರ್ಕಾರಕ್ಕೆ ಕೊಡುವ ಬಿಲ್ಲಿದ್ದಂತೆ. ನಿಗಮದ ಡೀಸೆಲ್ಲಿಗೂ ಸಿಬ್ಬಂದಿಯ ಸಂಬಳಕ್ಕೂ ಈ ಹಣ ಬೇಕು.

ಯಾರು ಹೊರಗುಳಿಯುತ್ತಾರೆ?

ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ಬೆಂಗಳೂರಿನ ಹೊಲಿಗೆ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡ್‌ಗಳಿಂದ ಬಂದಿರುವ ಹುಡುಗಿಯರ ಆಧಾರಿನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದರೆ ಪೂರ್ತಿ ದರ ಕೊಡಬೇಕು. ಇಲ್ಲೇ ನೆಲೆಸಿದವರು ಆಧಾರ್ ಕೇಂದ್ರದಲ್ಲಿ ವಿಳಾಸ ಬದಲಿಸಿಕೊಳ್ಳಬಹುದು. ಅದಕ್ಕೆ ಬೇಕಾದ ವಿಳಾಸದ ದಾಖಲೆಯೇ ಬಾಡಿಗೆ ಕೋಣೆಯಲ್ಲಿರುವವರಿಗೆ ಕಷ್ಟ. ಅದೇ ಕಾರ್ಖಾನೆಯಲ್ಲಿ ದುಡಿಯುವ ಗಂಡಸರಿಗೂ ಈ ಯೋಜನೆಯಲ್ಲಿ ಪಾಲಿಲ್ಲ.

ಟಿಕೆಟ್ ಇದೆ, ಬಸ್ಸು?

ದುಡ್ಡಿನ ತೊಡಕು ನೀಗಿದರೂ ಹೊತ್ತಿನ ತೊಡಕು ಉಳಿದಿದೆ. ಪಾಳಿ ಶುರುವಾಗುವ ಹೊತ್ತಿಗೆ ಬಸ್ಸು ಬರದಿದ್ದರೆ, ಬಂದರೂ ಕಾಲಿಡಲು ಜಾಗವಿರದಿದ್ದರೆ, ಶೇರ್ ಆಟೋ ಹತ್ತಲೇಬೇಕು; ಉಳಿಸಿದ್ದು ಅಲ್ಲಿ ಹೋಗುತ್ತದೆ. ರಾತ್ರಿ ಪಾಳಿಯ ಮಾತು ಬೇರೆ. ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಮಹಿಳೆಯರನ್ನು ದುಡಿಸಿಕೊಳ್ಳಲು ಕಾರ್ಖಾನೆಗಳಿಗೆ 2019ರಲ್ಲಿ ಅನುಮತಿ ಕೊಟ್ಟಾಗ, ಮನೆಯಿಂದ ಕರೆತಂದು ಮರಳಿ ಬಿಡುವ ವಾಹನ ಒದಗಿಸಬೇಕೆಂಬ ಷರತ್ತನ್ನೂ ಸರ್ಕಾರ ವಿಧಿಸಿತ್ತು. ಇದು ಕಾರ್ಖಾನೆಯ ಕೃಪೆಯಲ್ಲ, ಕೇಳಿ ಪಡೆಯಬೇಕಾದ ಸೌಲಭ್ಯ.

ನೀವು ಮಾಡಬಹುದಾದದ್ದು

ಹತ್ತಿದೊಡನೆ ಇಳಿಯುವ ನಿಲ್ದಾಣದ ಹೆಸರು ಸರಿಯಾಗಿ ಹೇಳಿ, ಟಿಕೆಟ್ ಕೇಳಿ ಪಡೆಯಿರಿ, ಇಳಿಯುವ ತನಕ ಇಟ್ಟುಕೊಳ್ಳಿ. ಪಾಳಿಯ ಹೊತ್ತಿಗೆ ಬಸ್ಸಿಲ್ಲವೆಂದರೆ ಒಬ್ಬೊಬ್ಬರೇ ಗೊಣಗುವ ಬದಲು ಒಂದೇ ಪಾಳಿಯವರೆಲ್ಲ ಸಹಿ ಹಾಕಿ, ಹೊರಡುವ ಜಾಗ, ಸಮಯ, ಜನರ ಸಂಖ್ಯೆ ಬರೆದು ಡಿಪೊ ಮ್ಯಾನೇಜರಿಗೆ ಅರ್ಜಿ ಕೊಡಿ. ‘ಮಹಿಳೆಯರಿಗೆ ಪುಕ್ಕಟೆ’ ಎಂದು ಯಾರಾದರೂ ಹಂಗಿಸಿದರೆ ತಲೆ ತಗ್ಗಿಸಬೇಕಿಲ್ಲ. ನಿಮ್ಮ ಕೈಯಲ್ಲಿರುವ ಟಿಕೆಟ್ಟಿಗೆ ಸರ್ಕಾರ ದುಡ್ಡು ಕೊಡುತ್ತದೆ. ಆ ದುಡ್ಡಿನಲ್ಲಿ ನೀವು ಕಟ್ಟಿದ ತೆರಿಗೆಯೂ ಇದೆ.