ಅಟ್ಟದ ಮೇಲಿನ ತಟ್ಟೆಗಳು

ಮಾರಿಕಣಿವೆ ಜಲಾಶಯ ಮೈಸೂರು ಅರಸರ ಕೊಡುಗೆ ಎಂಬುದು ಹಿರಿಯೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ಮನೆತನದ ಜಯಚಾಮರಾಜೇಂದ್ರ ಒಡೆಯರ್, ದೂರದ ಲಂಡನ್‌ನಲ್ಲಿದ್ದ ರಷ್ಯನ್ ಪಿಯಾನೊ ವಾದಕರೊಬ್ಬರ ಸಂಗೀತವನ್ನು ಉಳಿಸಿಕೊಟ್ಟ ಕತೆ ಎಷ್ಟು ಮಂದಿಗೆ ಗೊತ್ತು? ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು ಹತ್ತಿದ ಮೇಲೆಯೇ ನನಗೂ ತಿಳಿದದ್ದು.

ಅವರ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ ದೇಶ ಬಿಟ್ಟು, ಕೊನೆಗೆ ಲಂಡನ್ ಸೇರಿದರು. ಗೆಳೆಯ ರಾಕ್ಮನಿನಾಫ್ ಜಗದ್ವಿಖ್ಯಾತರಾದರು, ಮೆಟ್ನರ್ ಹೆಸರು ಹಿಂದೆಯೇ ಉಳಿಯಿತು. ಸ್ವತಃ ಪಿಯಾನೊ ನುಡಿಸುತ್ತಿದ್ದ, ರೆಕಾರ್ಡ್ ಸಂಗ್ರಹದ ಗೀಳಿದ್ದ ನಮ್ಮ ಮಹಾರಾಜರಿಗೆ ಈ ಸಂಗೀತ ಹಿಡಿಸಿಬಿಟ್ಟಿತು. ಹಣ ಕೊಟ್ಟು, ಎಚ್‌ಎಂವಿ ಕಂಪನಿಯಲ್ಲಿ ಧ್ವನಿಮುದ್ರಣ ಮಾಡಿಸಿದರು. 1947ರಲ್ಲಿ ಮೂರು ಪಿಯಾನೊ ಕನ್ಸರ್ಟೊಗಳನ್ನು ಮೆಟ್ನರ್ ಅವರೇ ನುಡಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. 1950ರಲ್ಲಿ ಅವರ ಗೀತೆಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದರು, ಪಿಯಾನೊಗೆ ಕೂತವರು ಮೆಟ್ನರ್. ಮರುವರ್ಷ ಅವರು ತೀರಿಕೊಂಡರು. ಇನ್ನೊಂದಿಷ್ಟು ತಡವಾಗಿದ್ದರೆ ಆ ಬೆರಳುಗಳ ನಾದ ನಮಗೆ ದಕ್ಕುತ್ತಿರಲಿಲ್ಲ. ಇದೇ ಮಹಾರಾಜರು 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದವರು.

ಮೆಟ್ನರ್ ತಟ್ಟೆ ನನ್ನ ಬಳಿ ಇಲ್ಲ. ಅವರನ್ನು ಮೊಬೈಲ್‌ನಲ್ಲೇ ಕೇಳುತ್ತೇನೆ. ನನ್ನ ಪೆಟ್ಟಿಗೆಯಲ್ಲಿರುವುದು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೇ ಮನೆಗಳಿಂದ ತಂದ 41 ತಟ್ಟೆಗಳು. ಹೆಚ್ಚಿನವು ನಾಟಕದ ಹಾಡು, ದೇವರನಾಮ. ಹೊಳಲ್ಕೆರೆ ಹತ್ತಿರದ ಅಜ್ಜಿಯೊಬ್ಬರು ಹನ್ನೆರಡು ತಟ್ಟೆ ಕೊಡುತ್ತಾ, ‘ತಗಂಡು ಹೋಗಪ್ಪ, ನಾನು ಹೋದ್ ಮೇಲೆ ಇವ್ನ ಗುಜರಿಗೆ ಹಾಕ್ತಾರೆ’ ಅಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಚಿತ್ರದುರ್ಗದ ಒಂದು ಗುಜರಿ ಅಂಗಡಿಯಲ್ಲಿ ಚೂರಾಗಿ ಬಿದ್ದಿದ್ದ ತಟ್ಟೆಗಳನ್ನು ನಾನೇ ಕಂಡಿದ್ದೇನೆ. ಹಾಡಿದವರ ಹೆಸರಿದ್ದ ಕಾಗದವೂ ಹರಿದುಹೋಗಿತ್ತು.

ಈ ತಟ್ಟೆಗಳ ಮುಖ್ಯ ವಸ್ತು ಅರಗು. ಕೈ ಜಾರಿದರೆ ಗಾಜಿನಂತೆ ಒಡೆಯುತ್ತವೆ. ನಿಮಿಷಕ್ಕೆ 78 ಸುತ್ತು, ಹತ್ತಿಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುತ್ತಿದ್ದವರೂ ಅಷ್ಟರಲ್ಲೇ ರಾಗ ಮುಗಿಸಬೇಕಿತ್ತು. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಮೆತ್ತನೆ ಬಟ್ಟೆಯಿಂದ ಧೂಳು ತೆಗೆದು ನೆಟ್ಟಗೆ ನಿಲ್ಲಿಸಿಡಿ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಿ.

‘ಇದರಿಂದ ಕೆಲಸ ಸಿಗುತ್ತಾ?’ ಎಂದು ಗೆಳೆಯರು ಕೇಳುತ್ತಾರೆ. ಸಿಗುವುದಿಲ್ಲ. ಉಳಿಸಲು ಎಲ್ಲರೂ ಮಹಾರಾಜರಾಗಬೇಕಿಲ್ಲ ಎಂಬುದು ಮಾತ್ರ ನನಗೆ ಗೊತ್ತಾಗಿದೆ. ಒಂದೊಂದನ್ನೂ ನುಡಿಸಿ, ಮೊಬೈಲ್‌ಗೆ ಇಳಿಸಿ, ತಟ್ಟೆಯ ನಂಬರು, ಹಾಡಿದವರ ಹೆಸರು, ಕೊಟ್ಟವರ ಊರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಖರ್ಚು ಹೆಚ್ಚಿಲ್ಲ, ಭಾನುವಾರ ಸಾಕು.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಟ್ರಂಕು ಇರಬಹುದು. ಸುಣ್ಣ ಬಳಿಸುವ ಮುಂಚೆ ಒಮ್ಮೆ ತೆಗೆದು ನೋಡಿ. ಅಜ್ಜ ಅಜ್ಜಿ ಇದ್ದರೆ ಪಕ್ಕ ಕೂರಿಸಿಕೊಳ್ಳಿ. ಹಾಡಿದವರು ಯಾರೆಂದು ಹೇಳಬಲ್ಲವರು ಅವರೇ.