ಹೊಳೆಯಾಚೆಯಿಂದ ಕಾಣುವ ಊರು ಯಾರ ಆಸ್ತಿ?

ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿದವರಿಗೆ ಶ್ರೀರಂಗಪಟ್ಟಣ ಕಾಣುವುದು ಕೆಲವೇ ನಿಮಿಷ. ಕಾವೇರಿಯ ಸೇತುವೆ, ಕೋಟೆಯ ಗೋಡೆ, ರಂಗನಾಥನ ಗೋಪುರ. ಇಷ್ಟು ಕಣ್ಣಿಗೆ ಬೀಳುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಸರ್ಕಾರಿ ಸೇವೆಯಲ್ಲಿದ್ದಾಗ ಈ ನೋಟವನ್ನು ಅನೇಕ ಬಾರಿ ಕಂಡಿದ್ದೆ. ಅದರ ಬೆಲೆಯನ್ನು ಕುರಿತು ಯೋಚಿಸಿದ್ದು ನಿವೃತ್ತಿಯ ನಂತರವೇ.

ಈ ನೋಟಕ್ಕೂ ಒಂದು ಚರಿತ್ರೆಯಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮ್, 1794ರಲ್ಲಿ ಪ್ರಕಟವಾದ ತನ್ನ ಚಿತ್ರಸಂಪುಟದಲ್ಲಿ ಈ ದ್ವೀಪನಗರವನ್ನೂ ಚಿತ್ರಿಸಿದ. ಅಂದು ಕೋಟೆಯೊಳಗೆ ದೇವಾಲಯದ ಗೋಪುರ, 1787ರ ಜಾಮಿಯಾ ಮಸೀದಿಯ ಅವಳಿ ಮಿನಾರುಗಳು, ಟಿಪ್ಪುವಿನ ಲಾಲ್ ಮಹಲ್ ಮೂರೂ ಇದ್ದವು. 1799ರಲ್ಲಿ ಕೋಟೆ ಬಿತ್ತು; ಮುಂದೆ ಅರಮನೆಯೂ ನೆಲಸಮವಾಯಿತು. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲಿನ ಸೇತುವೆ ಬಂತು. ಬಳಿಕ ರೈಲುಹಳಿ ಕೋಟೆಯನ್ನೇ ಸೀಳಿತು. 2017ರಲ್ಲಿ ಜೋಡಿಹಳಿಗಾಗಿ ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಲಾಯಿತು. ಶಸ್ತ್ರಾಗಾರ ಉಳಿಯಿತು, ಅದರ ನೆಲೆ ಉಳಿಯಲಿಲ್ಲ.

ಇಂಗ್ಲೆಂಡಿನ ಡರ್ಹಮ್ ಕೂಡ ಹೊಳೆ ಬಳಸಿ ಹರಿಯುವ ಊರು. ವಿಯರ್ ನದಿಯ ಬಳಸಿನಲ್ಲಿ, ಎತ್ತರದ ಮೇಲೆ, 1093ರಲ್ಲಿ ಕಟ್ಟಲಾರಂಭಿಸಿದ ಮಹಾ ಇಗರ್ಜಿ ನಿಂತಿದೆ. 1940ರ ದಶಕದಲ್ಲಿ ಸಮೀಪದ ಕೆಪಿಯರ್‌ನಲ್ಲಿ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಾಗ, ಇಗರ್ಜಿಯ ನೋಟ ಕೆಡುತ್ತದೆಂಬ ವಿರೋಧ ಎದ್ದಿತು. ಸಾರ್ವಜನಿಕ ವಿಚಾರಣೆ ನಡೆದು ಯೋಜನೆ ಕೈಬಿಟ್ಟುಹೋಯಿತು. ಸ್ಥಾವರದಿಂದ ಇಗರ್ಜಿಯ ಒಂದು ಕಲ್ಲೂ ಅಲುಗುತ್ತಿರಲಿಲ್ಲ. ಅಲ್ಲಿನವರು ಉಳಿಸಿಕೊಂಡದ್ದು ನೋಟವನ್ನು.

ನಮ್ಮ ಸ್ಮಾರಕ ಕಾಯಿದೆ, 2010ರ ತಿದ್ದುಪಡಿಯಂತೆ, ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶವೆಂದೂ ಗುರುತಿಸುತ್ತದೆ. ಈ ಅಳತೆ ಹೊರಡುವುದು ಒಂದೊಂದು ಕಟ್ಟಡದಿಂದ. ಗೋಪುರವನ್ನೂ ಮಿನಾರನ್ನೂ ಒಟ್ಟಿಗೆ ಕಾಣಿಸುವ ಆಕಾಶಕ್ಕೆ ಯಾರ ಲೆಕ್ಕಪುಸ್ತಕದಲ್ಲಿಯೂ ಜಾಗವಿಲ್ಲ. ಅರ್ಥಶಾಸ್ತ್ರ ಇಂಥದ್ದನ್ನು ಸಾರ್ವಜನಿಕ ಸರಕು ಎನ್ನುತ್ತದೆ: ಎಲ್ಲರೂ ಅನುಭವಿಸುತ್ತಾರೆ, ಬೆಲೆ ಯಾರೂ ಕಟ್ಟುವುದಿಲ್ಲ; ಆದ್ದರಿಂದ ಕಳೆದುಹೋದಾಗ ನಷ್ಟವೂ ದಾಖಲಾಗುವುದಿಲ್ಲ.

ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆ ಗೌರವ ಅರ್ಥಪೂರ್ಣವಾಗಬೇಕಾದರೆ ಕಷ್ಟದ ಕೆಲಸವೇನೂ ಬೇಕಿಲ್ಲ. ಪೂರ್ಣಯ್ಯನವರ ಸೇತುವೆ, ಉತ್ತರದ ದಂಡೆ, ರೈಲು ಸೇತುವೆ ಹೀಗೆ ನಾಲ್ಕಾರು ನೋಟದ ನೆಲೆಗಳನ್ನು ಗುರುತಿಸಿ, ಆ ದೃಷ್ಟಿರೇಖೆಗಳಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದರೆ ಸಾಕು. ಆದರೆ ಆ ಊರಿನ ಜನ ಮನೆ ಕಟ್ಟಿಕೊಂಡು ಬಾಳಬೇಕಾದವರು. ಮಿತಿಯ ಹೊರೆಯನ್ನು ಅವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕಿಟಕಿಯಿಂದ ನೋಡಿ ಹೋಗುವ ನಮ್ಮಂಥವರ ತೆರಿಗೆಯಿಂದಲೂ ಅದಕ್ಕೊಂದು ಪಾಲು ಸಲ್ಲಬೇಕು.