ಗದ್ದಲದ ನಡುವೆ ಬಿರುಕಿನ ದನಿ

ಶುದ್ಧ ತವರದ ಸರಳನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕರಕರ ಸದ್ದು ಕೇಳಿಸುತ್ತದೆ. ಒಳಗಿನ ಹರಳುಗಳು ಥಟ್ಟನೆ ಮಗ್ಗುಲು ಬದಲಿಸುವ ಸದ್ದು ಅದು. ಒತ್ತಡ ಬಿದ್ದಾಗ ಉಕ್ಕು, ಕಾಂಕ್ರೀಟು, ಬಂಡೆಗಳೂ ಸದ್ದು ಮಾಡುತ್ತವೆ, ಆದರೆ ಅದರಲ್ಲಿ ಬಹುಪಾಲು ನಮ್ಮ ಕಿವಿಗೆ ನಿಲುಕುವುದಿಲ್ಲ. ನಮಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನ. ಉಕ್ಕಿನ ಬಿರುಕು ಕೂದಲೆಳೆಯಷ್ಟು ಮುಂದೆ ಸರಿದಾಗ ಏಳುವ ಅಲೆಯನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷ ಕಂಪನಗಳ ನಡುವೆ ಹುಡುಕುತ್ತಾರೆ. ಲೋಹದ ಮೈಗೆ ಅಂಟಿಸಿದ ಪೀಜೋ ಸಂವೇದಕ ಆ ಅಲೆಯನ್ನು ವಿದ್ಯುತ್ತಾಗಿ ಬದಲಿಸಿ ಕೊಡುತ್ತದೆ. ಇದೇ ಅಕೌಸ್ಟಿಕ್ ಎಮಿಷನ್ ಪರೀಕ್ಷೆ.

1950ರಲ್ಲಿ ಮ್ಯೂನಿಕ್‌ನ ಜೋಸೆಫ್ ಕೈಸರ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಸೊಗಸಾದ ಸಂಗತಿಯೊಂದನ್ನು ದಾಖಲಿಸಿದರು: ಒಮ್ಮೆ ಒಂದು ಮಟ್ಟದವರೆಗೆ ಎಳೆದು ಬಿಟ್ಟ ಲೋಹವನ್ನು ಮತ್ತೆ ಎಳೆದರೆ, ಹಳೆಯ ಮಟ್ಟ ದಾಟುವವರೆಗೆ ಅದು ತುಟಿ ಬಿಚ್ಚುವುದಿಲ್ಲ. ಅದಕ್ಕೂ ಮೊದಲೇ ಸದ್ದು ಬಂತೆಂದರೆ ಈ ನಡುವೆ ಏನೋ ಕೆಟ್ಟಿದೆ ಎಂದೇ ಅನುಮಾನ.

ಕೈಸರ್ ಕೆಲಸ ಮಾಡಿದ್ದು ಪ್ರಯೋಗಾಲಯದಲ್ಲಿ. ರೈಲು ಓಡುವ ಸೇತುವೆಯ ಪಾಡು ಬೇರೆ. ಅಲ್ಲಿ ಬೋಲ್ಟು ಉಜ್ಜುತ್ತದೆ, ಬೇರಿಂಗು ಕಿರುಗುಟ್ಟುತ್ತದೆ, ಮಳೆಹನಿಯೂ ಸಂಕೇತವಾಗಿ ದಾಖಲಾಗುತ್ತದೆ. ಗದ್ದಲ ಕೆಳಗಿನ ಕಂಪನಗಳಲ್ಲೇ ಇದ್ದಿದ್ದರೆ ಸಾದಾ ಫಿಲ್ಟರ್ ಸಾಕಿತ್ತು. ಉಜ್ಜಾಟದ ಸದ್ದು ಬಿರುಕಿನ ಕಂಪನಗಳ ವ್ಯಾಪ್ತಿಗೇ ನುಗ್ಗುತ್ತದೆ, ಸಾಲದ್ದಕ್ಕೆ ಗಳಿಗೆಗೊಮ್ಮೆ ಬದಲಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ತನ್ನನ್ನು ತಾನೇ ತಿದ್ದಿಕೊಳ್ಳುವ ಫಿಲ್ಟರ್. ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದ ಎಲ್‌ಎಂಎಸ್ (ಲೀಸ್ಟ್ ಮೀನ್ ಸ್ಕ್ವೇರ್) ಸೂತ್ರ ಇದರ ಬೆನ್ನೆಲುಬು. ಒಂದು ಸಂವೇದಕವನ್ನು ಅನುಮಾನವಿರುವ ಬೆಸುಗೆಯ ಬಳಿ, ಇನ್ನೊಂದನ್ನು ಗದ್ದಲದ ಮೂಲದ ಬಳಿ ಇಡುತ್ತಾರೆ. ಎರಡನೆಯದು ಕೇಳಿದ ಗದ್ದಲ ಬೆಸುಗೆ ತಲುಪುವ ಹೊತ್ತಿಗೆ ಹೇಗಾಗಿರುತ್ತದೆ ಎಂದು ಫಿಲ್ಟರ್ ಅಂದಾಜಿಸಿ, ಮೊದಲನೆಯದರಿಂದ ಅದನ್ನು ಕಳೆಯುತ್ತದೆ. ಉಳಿದದ್ದರಲ್ಲಿ ಇನ್ನೂ ಗದ್ದಲದ ಛಾಯೆಯಿದ್ದರೆ ತನ್ನ ಗುಣಾಂಕಗಳನ್ನು ತುಸು ತಿದ್ದಿಕೊಳ್ಳುತ್ತದೆ. ಒಂದೊಂದು ಅಳತೆಗೂ ಒಂದೊಂದು ತಿದ್ದುಪಡಿ. ಬಿರುಕಿನ ಸಿಡಿತಕ್ಕೂ ಆ ಗದ್ದಲಕ್ಕೂ ನಂಟಿಲ್ಲವಾದ್ದರಿಂದ ಅದು ಕಳೆಯದೆ ಉಳಿಯುತ್ತದೆ.

ಕೇಳಲು ಸುಲಭ, ಆದರೆ ನನ್ನ ಮಟ್ಟಿಗೆ ಇದರ ಜಾಣತನವೆಲ್ಲ ಎರಡು ಆಯ್ಕೆಗಳಲ್ಲಿದೆ: ಎರಡನೆಯ ಸಂವೇದಕದ ಜಾಗ ಮತ್ತು ತಿದ್ದುಪಡಿಯ ಹೆಜ್ಜೆ. ಎರಡನೆಯ ಸಂವೇದಕಕ್ಕೂ ಬಿರುಕಿನ ಸದ್ದು ಮುಟ್ಟಿದರೆ ಫಿಲ್ಟರ್ ಅದನ್ನೂ ಗದ್ದಲವೆಂದು ಅಳಿಸಿಹಾಕುತ್ತದೆ. ತಿದ್ದುಪಡಿಯ ಹೆಜ್ಜೆ ತೀರ ಸಣ್ಣದಾದರೆ ಬದಲಾಗುವ ಗದ್ದಲದ ಹಿಂದೆ ಓಡಲಾಗದು, ದೊಡ್ಡದಾದರೆ ಲೆಕ್ಕವೇ ಹಳಿ ತಪ್ಪುತ್ತದೆ. ಗದ್ದಲ ಕಳೆದ ಮೇಲೆ, ಅಲೆ ಬೇರೆ ಬೇರೆ ಸಂವೇದಕಗಳನ್ನು ತಲುಪಿದ ಗಳಿಗೆಗಳನ್ನು ಹೋಲಿಸಿ ಬಿರುಕಿನ ಜಾಗ ಪತ್ತೆಮಾಡುತ್ತಾರೆ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಸಾಗುತ್ತದೆ. ಅಂದರೆ ಅಲೆ ಬಂದ ಗಳಿಗೆಯನ್ನು ಗುರುತಿಸುವಾಗ ಮೈಕ್ರೋಸೆಕೆಂಡಿನ ತಪ್ಪಾದರೂ ಬಿರುಕಿನ ಜಾಗ ಮಿಲಿಮೀಟರುಗಳಷ್ಟು ಆಚೀಚೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬಿರುಕು ಎಷ್ಟು ಆಳ ಇಳಿದಿದೆ ಎಂಬುದು ಈ ಪರೀಕ್ಷೆಯಿಂದ ನೇರವಾಗಿ ತಿಳಿಯುವುದಿಲ್ಲ. ಅದನ್ನು ಅಳೆಯಲು ಆ ಜಾಗಕ್ಕೆ ಅಲ್ಟ್ರಾಸೌಂಡ್ ಉಪಕರಣವನ್ನೇ ಒಯ್ಯಬೇಕು.